ಗೂಢಲಿಪಿ ಲೈಬ್ರರಿಗಳ ತಿಕ್ಕಾಟ: ಮೂರು ದಶಕದ ಕಥೆ

ಸೋಮವಾರಪೇಟೆಯಲ್ಲಿ ಮೊಬೈಲಿನಿಂದ ಹಣ ಕಳಿಸಿದರೂ, ವಿರಾಜಪೇಟೆಯಲ್ಲಿ ಪಹಣಿ ತೆಗೆಸಿದರೂ ಆ ಮಾಹಿತಿ ಗೂಢಲಿಪಿಯಲ್ಲಿ ಸಾಗಬೇಕು. ಪ್ರತಿ ತಂತ್ರಾಂಶವೂ ಈ ಕೆಲಸವನ್ನು ತಾನೇ ಮಾಡುವುದಿಲ್ಲ, ಸಿದ್ಧ ಲೈಬ್ರರಿಯನ್ನು ನೆಚ್ಚಿಕೊಂಡಿರುತ್ತದೆ. ಮುಕ್ತ ತಂತ್ರಾಂಶ ಲೋಕದಲ್ಲಿ ಈ ಲೈಬ್ರರಿಗಳೇ ಒಂದಕ್ಕೊಂದು ಹೊಂದದೆ ಹೋದ ಕಥೆಯನ್ನು ಇಂದು ಹೇಳುತ್ತೇನೆ.

1990ರ ದಶಕದಲ್ಲಿ ಅಮೆರಿಕ ಬಲವಾದ ಗೂಢಲಿಪಿ ತಂತ್ರಾಂಶದ ರಫ್ತಿಗೆ ಕಡಿವಾಣ ಹಾಕಿತ್ತು. ಆಗ ಆಸ್ಟ್ರೇಲಿಯಾದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಸ್ವತಂತ್ರವಾಗಿ ಎಸ್‌ಎಸ್‌ಎಲ್‌ಇಎವೈ ಎಂಬ ಗೂಢಲಿಪಿ ಲೈಬ್ರರಿ ಬರೆದರು. 1998ರಲ್ಲಿ ಅವರು ಅದನ್ನು ಬಿಟ್ಟಾಗ ಬೇರೆಯವರು ಮುಂದುವರಿಸಿದರು. ಅದೇ ಓಪನ್‌ಎಸ್‌ಎಸ್‌ಎಲ್.

ಮೊದಲ ತೊಡಕು ಲೈಸೆನ್ಸಿನದು. ಜಾಹೀರಾತಿನಲ್ಲಿ ಕರ್ತೃಗಳ ಹೆಸರು ಹಾಕಬೇಕೆಂಬ ಷರತ್ತು ಓಪನ್‌ಎಸ್‌ಎಸ್‌ಎಲ್‌ನ ಲೈಸೆನ್ಸಿನಲ್ಲಿತ್ತು. ಹೆಚ್ಚಿನ ಷರತ್ತು ಹೇರಕೂಡದೆನ್ನುವ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿಗೆ ಅದು ಒಗ್ಗಲಿಲ್ಲ. ಓಪನ್‌ಎಸ್‌ಎಸ್‌ಎಲ್‌ಗೆ ಬದಲಿಯಾಗಿ ಗ್ನುಟಿಎಲ್‌ಎಸ್ ಬಂತು. ಮೊಜಿಲ್ಲಾದ ಎನ್‌ಎಸ್‌ಎಸ್ ಬೇರೆ ಇತ್ತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಂಡ ಕರ್ಲ್ ಎಂಬ ಒಂದೇ ತಂತ್ರಾಂಶದ ಲೈಬ್ರರಿಯನ್ನು ಈ ಮೂರಕ್ಕೂ ಹೊಂದುವಂತೆ ಮೂರು ಬಗೆಯಲ್ಲಿ ಕೊಡಬೇಕಾಯಿತು.

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾಯಿತು. ಜಗತ್ತೇ ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನು ಬೆರಳೆಣಿಕೆಯ ಜನ, ಅತ್ಯಲ್ಪ ಹಣದಲ್ಲಿ ನೋಡಿಕೊಳ್ಳುತ್ತಿದ್ದರೆಂಬುದೂ ಆಗಲೇ ಎಲ್ಲರಿಗೂ ತಿಳಿದದ್ದು. ಅದೇ ವರ್ಷ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯವರ ಲಿಬ್ರೆಎಸ್‌ಎಸ್‌ಎಲ್, ಗೂಗಲ್‌ನ ಬೋರಿಂಗ್‌ಎಸ್‌ಎಸ್‌ಎಲ್ ಕವಲೊಡೆದವು. ಮೂರರಲ್ಲೂ ಫಂಕ್ಷನ್‌ಗಳ ಹೆಸರು ಬಹುಪಾಲು ಒಂದೇ, ಒಳರಚನೆ ಮಾತ್ರ ಬೇರೆ. ಒಂದೇ ಪ್ರೋಗ್ರಾಮಿನೊಳಗೆ ಎರಡು ಸೇರಿಕೊಂಡರೆ, ಒಂದಕ್ಕೆ ಹೋಗಬೇಕಾದ ಕರೆ ಇನ್ನೊಂದಕ್ಕೆ ಹೋಗಿ ಪ್ರೋಗ್ರಾಮು ಕುಸಿಯಬಹುದು.

2016ರ ಓಪನ್‌ಎಸ್‌ಎಸ್‌ಎಲ್ 1.1.0 ಆವೃತ್ತಿ ಒಳರಚನೆಯನ್ನು ಮುಚ್ಚಿಟ್ಟಿತು. ಅದನ್ನು ನೇರವಾಗಿ ಮುಟ್ಟುತ್ತಿದ್ದ ಹಳೆಯ ಕೋಡ್ ಕಂಪೈಲ್ ಆಗದೆ ನಿಂತಿತು. ಹೀಗಾಗಿ 2017ರ ಡೆಬಿಯನ್ 9 ಹಳತು, ಹೊಸತು ಎರಡನ್ನೂ ಇಟ್ಟುಕೊಂಡಿತು. ಅವು ಬೆರೆಯದಂತೆ ಕಾಯುವುದು ಹೇಗೆ? ಕೊಡಗಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮನೆತನದ ಹೆಸರು ಸೇರಿಸಿ ಗುರುತಿಸುತ್ತೇವಲ್ಲ, ಹಾಗೆಯೇ ಪ್ರತಿ ಫಂಕ್ಷನ್ನಿಗೂ ಆವೃತ್ತಿಯ ಗುರುತು ಅಂಟಿಸಿದರು.

2021ರ ಸೆಪ್ಟೆಂಬರಿನಲ್ಲಿ ಬಂದ 3.0 ಆವೃತ್ತಿ ಅಪಾಚೆ 2.0 ಲೈಸೆನ್ಸಿಗೆ ಬದಲಾಯಿತು. ಅದು ಜಿಪಿಎಲ್‌ನ ಮೂರನೇ ಆವೃತ್ತಿಗೆ ಹೊಂದುವುದರಿಂದ ಹಳೆಯ ಜಗಳ ಬಹುಮಟ್ಟಿಗೆ ತಣ್ಣಗಾಯಿತು. ಆದರೆ 2022ರಲ್ಲಿ ಉಬುಂಟು ಲಿನಕ್ಸಿನ 22.04 ಆವೃತ್ತಿ ಓಪನ್‌ಎಸ್‌ಎಸ್‌ಎಲ್ 1.1 ಅನ್ನು ಕೈಬಿಟ್ಟಾಗ ಅದನ್ನೇ ನೆಚ್ಚಿದ್ದ ತಂತ್ರಾಂಶಗಳು ತೆರೆಯುತ್ತಲೇ ‘ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಓ ಡಾಟ್ 1.1 ಸಿಗಲಿಲ್ಲ’ ಎಂದು ನಿಂತುಬಿಟ್ಟವು. ಎಲ್ಲಿಂದಲೋ ಹಳೆಯ ಫೈಲನ್ನು ತಂದು ತುರುಕುವ ಆಸೆ ಹುಟ್ಟುವುದು ಆಗಲೇ. ತಂತ್ರಾಂಶ ಓಡುತ್ತದೆ, ನಿಜ. ಆದರೆ 1.1 ಸರಣಿಯ 1.1.1ರ ಉಚಿತ ಬೆಂಬಲ 2023ರ ಸೆಪ್ಟೆಂಬರಿಗೇ ಮುಗಿದಿದೆ, ಅದರಲ್ಲಿ ಹೊಸ ದೋಷ ಕಂಡರೆ ತಿದ್ದುಪಡಿ ನಿಮಗೆ ತಲುಪುವುದಿಲ್ಲ.

ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಪ್ರಾಜೆಕ್ಟ್ ಯಾವ ಯಾವ ಲೈಬ್ರರಿಗಳನ್ನು ಎಳೆದುಕೊಳ್ಳುತ್ತಿದೆ ಎಂದು ‘ಎಲ್‌ಡಿಡಿ’ ಆಜ್ಞೆ ಕೊಟ್ಟು ನೋಡಿ. ಗೂಢಲಿಪಿಗೆ ಒಂದೇ ಲೈಬ್ರರಿ ಇರಲಿ, ಅದರ ಲೈಸೆನ್ಸನ್ನು ಮೊದಲೇ ಓದಿ. ಹಳೆಯ ಕೋಡನ್ನು ಹೊಸ ಆವೃತ್ತಿಗೆ ತಿದ್ದಿ, ಆ ತಿದ್ದುಪಡಿಯನ್ನು ಮೂಲ ತಂಡಕ್ಕೂ ಕಳಿಸಿಕೊಡಿ. ಎಲ್ಲರೂ ಬಳಸುವ ವಸ್ತುವನ್ನು ಕಾಯುವ ಹೊಣೆಯೂ ಎಲ್ಲರದು.