ಸದ್ದು ಮಾಡುವ ತಗಡು



ನಮ್ಮ ಕಳಂಬೋಲಿಯಲ್ಲಿ ಕಬ್ಬಿಣಕ್ಕೂ ಬರವಿಲ್ಲ, ಗಾಡಿಗಳಿಗೂ ಬರವಿಲ್ಲ. ಒಂದು ಕಡೆ ಉಕ್ಕಿನ ಪೇಟೆ, ಇನ್ನೊಂದು ಕಡೆ ಪುಣೆಯ ಹೆದ್ದಾರಿ. ಈ ವಾಚನಾಲಯಕ್ಕೆ ಬರುವ ನಮ್ಮಲ್ಲಿ ಟ್ಯಾಕ್ಸಿ, ಟೆಂಪೋ ನಡೆಸಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಅವರಿಗೆ ಉಪಯೋಗವಾಗುವ ಒಂದು ಪ್ರಶ್ನೆಯನ್ನು ಇಂದು ವಿಚಾರ ಮಾಡೋಣ. ಎಂಜಿನ್ನಿನ ಹೊಗೆಕೊಳವೆಯ ಮೇಲಿನ ತಗಡು, ಅಂದರೆ ಹೀಟ್ ಶೀಲ್ಡ್, ಗಡಗಡ ಸದ್ದು ಮಾಡತೊಡಗಿದರೆ ಅದನ್ನು ಕಿತ್ತೆಸೆಯಬೇಕೆ, ಉಳಿಸಿಕೊಳ್ಳಬೇಕೆ?

ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದು ಹೆಸರು. ಪೆಟ್ರೋಲು ಗಾಡಿ ಭಾರ ಹೊತ್ತು ಬೋರ್ ಘಾಟನ್ನು ಏರುವಾಗ ಒಳಗಿನ ಹೊಗೆಯ ಕಾವು 800 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಕಾದ ಕಬ್ಬಿಣ ಮುಟ್ಟದೆಯೂ ಸುಡುತ್ತದೆಂಬುದು ಒಲೆಯ ಮುಂದೆ ಕುಳಿತವರಿಗೆಲ್ಲ ಗೊತ್ತು. ಹೊಳೆಯುವ ತಗಡು ಆ ಕಾವನ್ನು ಹಿಂದಕ್ಕೆ ತಳ್ಳುತ್ತದೆ; ನಡುವಿನ ಗಾಳಿಯ ತೆರಪು ಮಿಕ್ಕದ್ದನ್ನು ತಡೆಯುತ್ತದೆ. ಅಕ್ಕಪಕ್ಕದಲ್ಲಿ ಇರುವುದೇನು? ತಂತಿಯ ಹೊದಿಕೆ, ರಬ್ಬರು ನಳಿಗೆ, ಪ್ಲಾಸ್ಟಿಕ್ಕು. ಡೀಸೆಲ್ಲಾದರೋ ಸುಮಾರು 210 ಡಿಗ್ರಿಯಲ್ಲಿ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲದು.

"ತಗಡು ತೆಗೆದರೆ ಎಂಜಿನ್ ತಣ್ಣಗಿರುತ್ತದೆ" ಎನ್ನುವವರುಂಟು. ಎಂಜಿನ್ನನ್ನು ತಣಿಸುವುದು ರೇಡಿಯೇಟರು. ತಗಡು ತೆಗೆದರೆ ಕಾವು ಬಾನೆಟ್ಟಿನೊಳಗೆ ಹರಡುತ್ತದೆ, ಅಷ್ಟೆ. ತೆಗೆದ ಮೇಲೂ ಗಾಡಿ ಓಡುತ್ತದೆ, ನಿಜ. ಆದರೆ ತಂತಿಯ ಹೊದಿಕೆ ದಿನದಿನಕ್ಕೆ ಒಣಗಿ ಬಿರಿಯುವುದು ಕಣ್ಣಿಗೆ ಕಾಣದು. 2020ರ ಏಪ್ರಿಲಿನಿಂದ ಬಂದಿರುವ ಬಿ.ಎಸ್. 6 ಗಾಡಿಗಳಲ್ಲಂತೂ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಸಾಮಾನ್ಯವಾಗಿ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ತಗಡು ಇನ್ನೂ ಅಗತ್ಯ.

ಹಾಗಾದರೆ ಸದ್ದಿಗೆ ಮದ್ದೇನು? ಬಹುಮಟ್ಟಿಗೆ ಬೋಲ್ಟು ತುಕ್ಕು ಹಿಡಿದು, ತಗಡಿನ ತೂತು ಅಗಲವಾಗಿರುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಅಗಲವಾದ ಉಕ್ಕಿನ ವಾಷರು ಹಾಕಿ ಹೊಸ ಬೋಲ್ಟು ಬಿಗಿಸಿದರೆ ಸಾಕು. ತಗಡೇ ಹರಿದಿದ್ದರೆ ಹೊಸದು ಹಾಕಿಸತಕ್ಕದ್ದು. ಪ್ಲಾಸ್ಟಿಕ್ ಪಟ್ಟಿ ಕಟ್ಟಬಾರದು, ಅದು ಕರಗುತ್ತದೆ. ಕಲ್ನಾರು ಸುತ್ತಲೂಬಾರದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ದುರಸ್ತಿಗೆಂದು ತಗಡು ಬಿಚ್ಚಿದ್ದರೆ, ಹಣ ಕೊಡುವ ಮೊದಲು ಅದು ಸ್ವಸ್ಥಾನಕ್ಕೆ ಮರಳಿದೆಯೇ ನೋಡಿಕೊಳ್ಳಬೇಕು.

ನಮ್ಮಲ್ಲಿ ಅನೇಕರು ನಡೆಸುವುದು ಪರರ ಗಾಡಿ. ತಗಡಿನ ಖರ್ಚು ಮಾಲೀಕನದು; ಬೆಂಕಿಯ ಪಕ್ಕದಲ್ಲಿ ಕೂರುವವರು ನಾವು. ಆದುದರಿಂದ ಸದ್ದು ಕೇಳಿದ ದಿನವೇ ಮಾಲೀಕನಿಗೆ ಬರೆದು ತಿಳಿಸೋಣ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಬೇಡ.