ಅಂಜಿಕೆಯನ್ನು ಬಿಡಿಸುವ ಬಗೆ

ಅಂಜುವ ಮಗುವನ್ನು ಗದರಿಸಿ, ಅಂಜಿಕೆಯ ವಸ್ತುವಿನೆದುರಿಗೆ ನೂಕಿದರೆ ಧೈರ್ಯ ಬಂದೀತೆಂದು ನಂಬುವವರು ಬಹು ಮಂದಿ. ಅದರಿಂದ ಅನೇಕವೇಳೆ ಭಯವು ಬಲಿಯುವುದೇ ಸರಿ.

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಎಂಬಾಕೆ 1924ರಲ್ಲಿ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಚಿಕಿತ್ಸೆಯ ಮೊದಲಲ್ಲಿ ಅವನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಮೊಲವೆಂದರೆ ಅವನಿಗೆ ಭಯ. ಹತ್ತಿ, ಗರಿ, ತುಪ್ಪುಳಿನ ಅಂಗಿ ಇವುಗಳಿಗೂ ಹೆದರುವನು. ಮೊಲದೊಡನೆ ನಿರ್ಭಯವಾಗಿ ಆಡುವ ಮಕ್ಕಳ ಜೊತೆಯಲ್ಲಿ ಅವನನ್ನು ಬಿಟ್ಟುದರಿಂದ ಅಷ್ಟಿಷ್ಟು ಗುಣ ಕಂಡಿತು. ಅಷ್ಟರಲ್ಲಿ ಜ್ವರ ಬಂದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದನು. ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಹಳೆಯ ಭಯವೆಲ್ಲ ಮರಳಿತು!

ಆಕೆ ಎದೆಗೆಡಲಿಲ್ಲ. ಬಾಲಕನು ಮೆಚ್ಚಿನ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ಊಟ ಕೆಡದಷ್ಟು ದೂರದಲ್ಲಿರಿಸಿ, ಕ್ರಮಕ್ರಮವಾಗಿ ಹತ್ತಿರಕ್ಕೆ ತಂದರು. ಇದನ್ನು ತಿಂಡಿಯ ಲಂಚವೆಂದು ನಗಬಾರದು. ಅವಸರಪಟ್ಟಿದ್ದರೆ ಅವನು ತಿಂಡಿಗೇ ಅಂಜಬಹುದಾಗಿತ್ತು. ಕಡೆಗೆ ಮೊಲವು ಬೆರಳನ್ನು ಮೆಲ್ಲನೆ ಕಡಿದರೂ ಅವನು ಸುಮ್ಮನಿದ್ದನು. ಹತ್ತಿ, ಗರಿಗಳ ಭಯವೂ ಜೊತೆಯಲ್ಲಿಯೇ ಹೋಯಿತು.

ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆಯವರು 1958ರ ತಮ್ಮ ಗ್ರಂಥದಲ್ಲಿ ವಯಸ್ಕರಿಗೂ ಇಂಥದೇ ಕ್ರಮವನ್ನು ವಿವರಿಸಿದರು. ರೋಗಿಯು ಮೈಯ ಬಿಗಿತವನ್ನು ಸಡಿಲಿಸಿ, ಅತ್ಯಲ್ಪ ಭಯದ ಸಂಗತಿಯನ್ನು ಮೊದಲು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅದು ಕಲಕದಿದ್ದರೆ ಮಾತ್ರ ಮುಂದಿನ ಮೆಟ್ಟಿಲು.