ನೆನಪಿಸುವುದೂ ಮಕ್ಕಳ ಸೇವೆಯೇ

(ಕೋರಮಂಡಲ್‌ನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದರ(ಸ) ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಶುಕ್ರವಾರ ನಮ್ಮಲ್ಲಿ ಅನೇಕರು ಸೂರಃ ಅಲ್ ಕಹ್ಫ್ ಓದುತ್ತೇವೆ. ಅದರ 23 ಮತ್ತು 24ನೇ ವಚನಗಳು ನಾಳೆ ಮಾಡುವ ಕೆಲಸದ ಕುರಿತಾಗಿವೆ. ಇನ್ ಶಾ ಅಲ್ಲಾಹ್ ಎನ್ನದೆ ನಾಳೆಯ ಮಾತು ಕೊಡಬಾರದು, ಮರೆತಾಗ ಪ್ರಭುವನ್ನು ಸ್ಮರಿಸಬೇಕು ಎಂಬ ಆದೇಶ ಅಲ್ಲಿದೆ. ಮಾಡಬೇಕೆಂದುಕೊಂಡದ್ದನ್ನು ಮನುಷ್ಯ ಮರೆಯುತ್ತಾನೆ ಎಂಬುದು ಅವನ ಸೃಷ್ಟಿಕರ್ತನಿಗೆ ಗೊತ್ತಿದೆ.

ವಯಸ್ಸಾದಂತೆ ಈ ಮರೆವು ಹೆಚ್ಚುತ್ತದೆ. ನಮ್ಮ ಕೆಜಿಎಫ್‌ನಲ್ಲಿ ಇದು ಮನೆಮನೆಯ ಮಾತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಲವತ್ತೈದು ದಾಟಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಮರಳುವುದು ರಾತ್ರಿ. ಹಗಲೆಲ್ಲ ಮನೆಯಲ್ಲಿ ಹಿರಿಯರಷ್ಟೇ. ಬಿ.ಪಿ. ಮಾತ್ರೆ ಮರೆತುಹೋಗುತ್ತದೆ; ಇಲ್ಲವೇ ನುಂಗಿದ್ದನ್ನೇ ಮರೆತು ಇನ್ನೊಂದನ್ನು ನುಂಗುತ್ತಾರೆ. ಎರಡೂ ಅಪಾಯ. ಆದರೂ ನಾವು, 'ಎಷ್ಟು ಸಲ ಹೇಳಬೇಕು?' ಎಂದು ಗದರುತ್ತೇವೆ. ವೃದ್ಧ ತಂದೆತಾಯಿಗೆ 'ಉಫ್' ಎನ್ನುವುದನ್ನೂ ಸೂರಃ ಬನೀ ಇಸ್ರಾಈಲ್ ನಿಷೇಧಿಸಿದೆ ಎಂಬುದನ್ನು ಆಗ ಮರೆಯುವವರು ನಾವೇ.

ಇದು ಉದಾಸೀನವಲ್ಲ. ನಡೆದದ್ದನ್ನು ನೆನೆಯುವುದು ಬೇರೆ, ಮಾಡಬೇಕಾದ್ದು ಹೊತ್ತಿಗೆ ಸರಿಯಾಗಿ ನೆನಪಾಗುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗೈಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮ್ಯಾಕ್‌ಡೇನಿಯಲ್ 1990ರಿಂದ ಇದನ್ನು ಪರೀಕ್ಷಿಸಿದರು. ಗಡಿಯಾರದ ಹೊತ್ತನ್ನು ತಾವೇ ಗಮನಿಸಿ ಮಾಡಬೇಕಾದ ಕೆಲಸದಲ್ಲಿ ಹಿರಿಯರು ಹಿಂದೆ ಬಿದ್ದರು. ಕಣ್ಣೆದುರಿನ ಒಂದು ಗುರುತು ನೆನಪಿಸುವ ಕೆಲಸದಲ್ಲಿ ಅಷ್ಟು ಹಿಂದುಳಿಯಲಿಲ್ಲ. ಗಣಿಯ ದಿನಗಳಲ್ಲಿ ಅಬ್ಬಾ ಅವರಿಗೆ ಪಾಳಿಯ ಸೈರನ್ ಇತ್ತು, ಜೊತೆಗಾರರಿದ್ದರು. ಈಗ ನೆನಪಿಸುವವರು ಯಾರು?

ಅಲ್ಲಾಹನು ನಮಗೆ ದಿನಕ್ಕೆ ಐದು ಅಝಾನ್ ಕೊಟ್ಟಿದ್ದಾನೆ. 'ಐದು ಗಂಟೆಗೆ ಮಾತ್ರೆ' ಎನ್ನುವ ಬದಲು 'ಅಸರ್ ನಮಾಝ್ ಮುಗಿದೊಡನೆ ಮಾತ್ರೆ' ಎಂದು ಗೊತ್ತುಮಾಡಿ. ಆ ಹೊತ್ತು ಔಷಧಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ವಾರದ ಏಳು ಮನೆಗಳಿರುವ ಡಬ್ಬಿಯಲ್ಲಿ ಮಾತ್ರೆ ಹಾಕಿಟ್ಟರೆ, ನುಂಗಿದರೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಮಧ್ಯಾಹ್ನ ಒಂದು ಫೋನ್ ಮಾಡಿ. ಪರಿಚಿತ ದಾರಿಯೇ ತಪ್ಪುವಂತಾದರೆ 'ವಯಸ್ಸಾಯಿತು' ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ಸಾಲ, ಅಮಾನತು, ಬಾಕಿ ಝಕಾತ್, ಉಳಿದ ಉಪವಾಸಗಳ ಲೆಕ್ಕವನ್ನು ಹಿರಿಯರ ಬಳಿ ಕುಳಿತು ಬರೆದಿಡಿ. ಸಾಲವನ್ನು ಬರೆದಿಡಲು ಸೂರಃ ಅಲ್ ಬಕರಃದ 282ನೇ ವಚನವೇ ಆದೇಶಿಸಿದೆ. ಅವರು ತೀರಿಸಬೇಕೆಂದಿದ್ದ ಹಕ್ಕು ಮರೆವಿನಿಂದ ಉಳಿದುಹೋಗಬಾರದು.

ಹಿರಿಯರೇ, ನೀವೂ ನೊಂದುಕೊಳ್ಳಬೇಡಿ. ನಮಾಝ್ ಮರೆತವನು ನೆನಪಾದಾಗ ನಿರ್ವಹಿಸಲಿ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಉಪವಾಸವಿರುವುದನ್ನು ಮರೆತು ಉಂಡವನ ಉಪವಾಸ ಕೆಡುವುದಿಲ್ಲ. ಒಳಿತನ್ನು ಸಂಕಲ್ಪಿಸಿ ಮಾಡಲಾಗದವನಿಗೂ ಒಂದು ಪೂರ್ಣ ಪುಣ್ಯ ಬರೆಯಲ್ಪಡುತ್ತದೆ. ನಿಮ್ಮ ನಿಯ್ಯತ್ ಅಲ್ಲಾಹನ ಬಳಿ ಕಳೆದುಹೋಗುವುದಿಲ್ಲ.

ಚಿಕ್ಕಂದಿನಲ್ಲಿ ನಮ್ಮ ಊಟ, ಶಾಲೆ, ನಮಾಝ್ ಎಲ್ಲವನ್ನೂ ಬೇಸರಿಸದೆ ನೆನಪಿಸಿದವರಿಗೆ ಈಗ ಮೃದುವಾಗಿ ನೆನಪಿಸುವ ಸರದಿ ನಮ್ಮದು. ಅದಕ್ಕೆ ಬೇಕಾದ ತಾಳ್ಮೆಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.